ಪರ್ಕಳದ ಮನೆಯಂಗಳಕ್ಕೆ ಹಕ್ಕಿ, ಚಿಟ್ಟೆಗಳು ಮರಳಿ ಬರಲು ಯಾವ ಗಿಡ ನೆಡಬೇಕು?

ಪ್ರಶ್ನೆ (ಪರ್ಕಳ, ಉಡುಪಿ)

ಎಲ್ಲರಿಗೂ ನಮಸ್ಕಾರ. ಪರ್ಕಳದಲ್ಲಿ 10 ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಸಿದ್ದೇವೆ. ಜೆಸಿಬಿಯಿಂದ ಜಾಗ ಮಟ್ಟ ಮಾಡಿಸಿದಾಗ ಅಲ್ಲಿದ್ದ ಕುಂಟುನೇರಳೆ ಮತ್ತು ಕೇಪಳದ ಪೊದೆಗಳೆಲ್ಲ ಹೋದವು. ಬೆಳಗ್ಗೆ ಕೇಳಿಸುತ್ತಿದ್ದ ಪಿಕಳಾರಗಳ ಸದ್ದೂ ಅಂದಿನಿಂದ ನಿಂತಿದೆ. ಈ ವಿಷಯ ನನ್ನನ್ನು ಬಹಳ ಕಾಡುತ್ತಿದೆ. ಹಿತ್ತಿಲಿನಲ್ಲಿ 4 ಸೆಂಟ್ಸಿನಷ್ಟು ಜಾಗ ಉಳಿದಿದೆಯಾದರೂ ಮೇಲ್ಮಣ್ಣು ತೆಳುವಾಗಿದ್ದು, ಕೆಳಗೆ ಬರೀ ಮುರಕಲ್ಲು (ಲ್ಯಾಟರೈಟ್ ಕಲ್ಲು). ಬಾವಿಯೂ ಅದೇ ಬದಿಗಿದೆ. ನರ್ಸರಿಯಲ್ಲಿ ವಿಚಾರಿಸಿದರೆ ವರ್ಷವಿಡೀ ಹೂ ಬಿಡುವ ಹೊರದೇಶದ ಗಿಡಗಳನ್ನೇ ತೋರಿಸುತ್ತಾರೆ. ಮಳೆ ಹಿಡಿಯುವ ಮೊದಲು ಏನು ನೆಡಬಹುದೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ (ಮೂಡುಬಿದಿರೆ)

ಹೂವಿನ ಗಿಡಗಳಷ್ಟನ್ನೇ ನೆಟ್ಟರೆ ಚಿಟ್ಟೆ ಬಂದು ಮಕರಂದ ಹೀರಿ ಹೋಗುತ್ತದೆಯೇ ಹೊರತು ಅಲ್ಲಿ ಸಂಸಾರ ಹೂಡುವುದಿಲ್ಲ. ಅದರ ಮರಿಹುಳ ತಿನ್ನುವುದು ಎಲೆಯನ್ನು, ಅದೂ ತನಗೆ ಒಗ್ಗಿದ ಕೆಲವೇ ಗಿಡಗಳದ್ದನ್ನು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಂಧುಗಳ ಮೇಲೆ ಮಾತ್ರ ಮೊಟ್ಟೆಯಿಡುತ್ತದೆ. ಆ ಎಲೆಯಲ್ಲಿರುವ ವಿಷವನ್ನು ಮರಿಹುಳ ತನ್ನ ಮೈಯಲ್ಲೇ ಶೇಖರಿಸಿಕೊಳ್ಳುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಇದೇ ವಿಷ ಮನುಷ್ಯರ ಮೂತ್ರಪಿಂಡಕ್ಕೆ ಹಾನಿಕರವಾದ್ದರಿಂದ ಈ ಬಳ್ಳಿಯನ್ನು ಮನೆಮದ್ದಿಗೆಂದು ದಯವಿಟ್ಟು ಬಳಸಬೇಡಿ.

ಇನ್ನೊಂದು ಎಚ್ಚರಿಕೆ. ಈಶ್ವರಿ ಬಳ್ಳಿಯದೇ ಕುಲಕ್ಕೆ ಸೇರಿದ ದಕ್ಷಿಣ ಅಮೆರಿಕದ ಅಲಂಕಾರಿಕ ಬಳ್ಳಿಗಳು ಡಚ್‌ಮನ್ಸ್ ಪೈಪ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಎಂಬ ಚಿಟ್ಟೆ ಇಂತಹ ಬಳ್ಳಿಯನ್ನು ತನ್ನದೆಂದೇ ನಂಬಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಗಳು ಎಲೆ ತಿಂದು ಸಾಯುತ್ತವೆ. ಊರಿನ ಬಳ್ಳಿಯೇ ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಕರಿಬೇವು ಮತ್ತು ಲಿಂಬೆ ನಿಮ್ಮಲ್ಲಿ ಹೇಗೂ ಇರಬಹುದು. ಕಾಮನ್ ಮಾರ್ಮನ್ ಚಿಟ್ಟೆಗೆ ಅಷ್ಟು ಸಾಕು. ಎಲೆ ತೂತಾಯಿತೆಂದು ಔಷಧ ಸಿಂಪಡಿಸದಿದ್ದರಾಯಿತು.

ಉತ್ತರ (ಕಾಪು)

ಹಕ್ಕಿಗಳಿಗೆ ಗೋಳಿ, ಬಸರಿ, ಅತ್ತಿಯ ಜಾತಿಗೆ ಸಮನಾದ ಮರವಿಲ್ಲ. ಒಂದೊಂದು ಮರ ಒಂದೊಂದು ಕಾಲದಲ್ಲಿ ಹಣ್ಣು ಬಿಡುವುದರಿಂದ, ಬೇರೆಲ್ಲೂ ಆಹಾರವಿಲ್ಲದ ತಿಂಗಳುಗಳಲ್ಲಿಯೂ ಕುಟ್ರುಹಕ್ಕಿ, ಮಂಗಟ್ಟೆ, ಬಾವಲಿಗಳಿಗೆ ಇವು ಆಸರೆಯಾಗುತ್ತವೆ. ಆದರೆ ಬಾವಿಯ ಕಟ್ಟೆಯನ್ನೂ ಸೀಳಬಲ್ಲ ಬೇರುಗಳಿರುವ ಈ ಮರಗಳನ್ನು 4 ಸೆಂಟ್ಸಿನಲ್ಲಿ ನೆಡಬಾರದು. ಊರಿನ ದೇವಸ್ಥಾನದ ಬಳಿಯೋ ಶಾಲೆಯ ಮೈದಾನದ ಅಂಚಿನಲ್ಲೋ ನೆಡಲು ಅನುಮತಿ ಕೇಳಿ.

ಹಿತ್ತಿಲಿಗೆ ಪುನರ್ಪುಳಿ (ಕೋಕಂ) ಯೋಗ್ಯ. ಗಂಡು, ಹೆಣ್ಣು ಮರಗಳು ಬೇರೆಬೇರೆ ಇರುವುದರಿಂದ ಬೀಜದ ಗಿಡದ ಬದಲು ಕಸಿ ಗಿಡವನ್ನೇ ತಂದರೆ ಹಣ್ಣು ಖಚಿತ. ಸಮುದ್ರದ ಉಪ್ಪುಗಾಳಿ ಬೀಸುವ ನಮ್ಮ ಕಡೆಗಾದರೆ ನಾನು ಕಡಲತೀರದ ಹೊನ್ನೆಯನ್ನೇ ಹೇಳುತ್ತಿದ್ದೆ. ಅದರ ಕಾಯಿಯ ತಿರುಳು ತಿಂದು ಬೀಜವನ್ನು ದೂರ ಒಯ್ಯುವುದು ಬಾವಲಿಗಳೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಈಶ್ವರಿ ಬಳ್ಳಿಯನ್ನು ನಮ್ಮ ಕುಟುಂಬದ ನಾಗಬನದಿಂದ ಕಿತ್ತು ತರಬಹುದೇ? ಮುರಕಲ್ಲಿನಲ್ಲಿ ಗುಂಡಿ ಹೇಗಿರಬೇಕು?

ಉತ್ತರ (ವಾಮಂಜೂರು, ಮಂಗಳೂರು)

ಬನದಿಂದ ಕೀಳಬೇಡಿ. ಸುತ್ತಲಿನ ಕಾಡೆಲ್ಲ ಮನೆ, ರಸ್ತೆಗಳಾದ ಮೇಲೆ ಈ ಊರಿನ ಎಷ್ಟೋ ಗಿಡಗಳಿಗೆ ಬನಗಳೇ ಕೊನೆಯ ನೆಲೆ. ಬಳ್ಳಿಯ ಒಣಗಿದ ಕಾಯಿ ಬಿರಿದಾಗ ನಾಲ್ಕು ಬೀಜ ತಂದು ಮೊಳೆಯಿಸಿಕೊಳ್ಳಿ. ಗಿಡಗಳ ಗುರುತು ಕಲಿಯಲು ನಮ್ಮ ಊರಿನ ಪಿಲಿಕುಳ ನಿಸರ್ಗಧಾಮದಲ್ಲಿ ಒಂದು ದಿನ ಸುತ್ತಾಡಿದರೆ ಬಹಳ ಪ್ರಯೋಜನವಾಗುತ್ತದೆ. ಪಶ್ಚಿಮಘಟ್ಟದ ಮರಗಳನ್ನು ಅಲ್ಲಿ ಬೆಳೆಸಿದ್ದಾರೆ.

ಗುಂಡಿ ಎರಡೂವರೆ ಅಡಿ ಆಳವಿರಲಿ. ಮುರಕಲ್ಲಿನ ಗುಂಡಿಯಲ್ಲಿ ಜುಲೈ ತಿಂಗಳ ನೀರು ನಿಂತರೆ ಬೇರು ಕೊಳೆಯುವುದರಿಂದ ಒಂದು ಬದಿಯಲ್ಲಿ ನೀರು ಹರಿದುಹೋಗಲು ಸೀಳು ಮಾಡಿ, ತರಗೆಲೆ, ಸುಡುಮಣ್ಣು, ಮೇಲ್ಮಣ್ಣು ಬೆರೆಸಿ ನೆಲಮಟ್ಟಕ್ಕಿಂತ ಎತ್ತರಕ್ಕೆ ತುಂಬಿಸಿ.

ಜೆಸಿಬಿ ಬದಿಗೆ ತಳ್ಳಿದ ಮಣ್ಣಿನ ರಾಶಿ ಇನ್ನೂ ಅಲ್ಲೇ ಇದ್ದರೆ ಅದನ್ನು ಸಾಗಿಸಬೇಡಿ, ಕಳೆನಾಶಕವನ್ನೂ ಹೊಡೆಯಬೇಡಿ. ಕೇಪಳದ ಬೇರು ಅದರೊಳಗೆ ಉಳಿದಿದ್ದರೆ ಮೊದಲ ಮಳೆಗೆ ಚಿಗುರೊಡೆಯಬಹುದು. ಆಟಿ ತಿಂಗಳು (ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಮುಗಿಯುವವರೆಗೆ ಕಾದು ನೋಡಿ, ಬಂದದ್ದನ್ನು ಗುರುತಿಸಿಕೊಂಡು, ಖಾಲಿ ಉಳಿದ ಜಾಗಕ್ಕಷ್ಟೇ ಹೊಸ ಗಿಡ ತನ್ನಿ.