ಮಾಮೂಲಿ ಮೊಬೈಲ್ ನೇರವಾಗಿ ಉಪಗ್ರಹಕ್ಕೆ ಕನೆಕ್ಟ್ ಆಗುವುದು ನಿಜಕ್ಕೂ ಸಾಧ್ಯವಾ?

ಬಾರ್‌ಇಲ್ಲ: ಟವರ್ ಐದು ಕಿಲೋಮೀಟರ್ ದೂರ ಇದ್ದರೇ ನನ್ನ ಫೋನ್ ಒದ್ದಾಡುತ್ತೆ. ಇನ್ನು 500 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಅದರ ಸಿಗ್ನಲ್ ಮುಟ್ಟೋದು ಹೇಗೆ? ಜಾಹೀರಾತಿನ ಬಡಾಯಿ ಅನ್ನಿಸ್ತಿದೆ.

ಸುಮ್ನೆಓದುಗ: ಐಫೋನ್ 14ರಲ್ಲೇ ಬಂತಲ್ಲ?

ಕಿರುತರಂಗ: ಅದರ ದಾರಿಯೇ ಬೇರೆ. ಅದು ಗ್ಲೋಬಲ್‌ಸ್ಟಾರ್ ಅನ್ನೋ ಉಪಗ್ರಹ ಕಂಪನಿಯ ಬ್ಯಾಂಡ್ (ಆವರ್ತನ ಪಟ್ಟಿ) ಬಳಸುತ್ತೆ, ಅದಕ್ಕೆಂದೇ ಫೋನಿನ ರೇಡಿಯೊ ಸಜ್ಜು ಮಾಡಿದ್ದಾರೆ. ಇಲ್ಲಿ ಕೇಳಿರೋದು ಕೈಯಲ್ಲಿರೋ 4ಜಿ ಫೋನ್ ಬಗ್ಗೆ.

ರೇಡಿಯೊ ಲೆಕ್ಕ ನನ್ನ ಹೊಟ್ಟೆಪಾಡು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಫೋನ್ ಹೊರಡಿಸೋದು ಹೆಚ್ಚೆಂದರೆ 0.2 ವ್ಯಾಟ್. ದೂರ ನೂರು ಪಟ್ಟಾದರೆ ಸಿಗ್ನಲ್ ಹತ್ತು ಸಾವಿರ ಪಟ್ಟು ಕುಗ್ಗುತ್ತೆ. ಆದರೆ ಐದು ಕಿ.ಮೀ.ಯಲ್ಲಿ ನಿಮ್ಮನ್ನು ಸೋಲಿಸಿದ್ದು ಬಹುಶಃ ದೂರ ಅಲ್ಲ, ನಡುವಿನ ಗುಡ್ಡ, ಕಟ್ಟಡ, ಮರ. ಬಯಲಲ್ಲಿ ನಿಂತರೆ ಉಪಗ್ರಹಕ್ಕೆ ಅಡ್ಡ ಏನೂ ಇರಲ್ಲ. ಉಳಿದ ಕೊರತೆಯನ್ನು ಮೇಲಿನ ಆಂಟೆನಾ ತುಂಬಿಸಬೇಕು. ಎಎಸ್‌ಟಿ ಸ್ಪೇಸ್‌ಮೊಬೈಲ್ 2022ರಲ್ಲಿ ಹಾರಿಸಿದ ಬ್ಲೂವಾಕರ್ 3ರ ಆಂಟೆನಾ 64 ಚದರ ಮೀಟರ್. ಅದರ ಮೂಲಕ 2023ರ ಏಪ್ರಿಲ್‌ನಲ್ಲಿ ಏನೂ ಬದಲಾಯಿಸದ ಗ್ಯಾಲಕ್ಸಿ ಎಸ್22ನಿಂದ ಕರೆ ಹೋಗಿದೆ.

ನನಗೆ ಇದಕ್ಕಿಂತ ಮಜಾ ಅನ್ನಿಸೋದು ಡಾಪ್ಲರ್, ಅಂದರೆ ಓಡ್ತಿರೋ ಮೂಲದಿಂದ ಬರೋ ಸಿಗ್ನಲ್‌ನ ಆವರ್ತನ ಬದಲಾಗೋದು. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿ.ಮೀ. ಓಡ್ತಿರುತ್ತೆ. 2 ಗಿಗಾಹರ್ಟ್ಸ್‌ನಲ್ಲಿ ಆವರ್ತನ 40 ಕಿಲೋಹರ್ಟ್ಸ್‌ಗೂ ಹೆಚ್ಚು ಜಾರಬಹುದು. 4ಜಿಯ ಉಪವಾಹಕಗಳ (ಡೇಟಾ ಹೊರೋ ಸಣ್ಣ ಸಣ್ಣ ಆವರ್ತನಗಳು) ನಡುವಿನ ಅಂತರವೇ 15 ಕಿಲೋಹರ್ಟ್ಸ್! ಹಾಗೇ ಬಿಟ್ಟರೆ ಫೋನಿಗೆ ತಲೆಬುಡ ತಿಳಿಯಲ್ಲ. ಅದಕ್ಕೆ ಪ್ರತಿ ಬೀಮ್‌ನ (ಉಪಗ್ರಹ ನೆಲದ ಒಂದು ಭಾಗಕ್ಕೆ ಬೀರೋ ಸಿಗ್ನಲ್) ನಡುಭಾಗಕ್ಕೆ ಲೆಕ್ಕ ಹಾಕಿ, ಆ ಜಾರಿಕೆಯನ್ನು ಮೊದಲೇ ಕಳೆದು ಕಳಿಸ್ತಾರೆ. ಸಿಗ್ನಲ್ ಹೋಗಿಬರೋ ವಿಳಂಬದ್ದೂ ಇದೇ ಕಥೆ. 4ಜಿ ಲೆಕ್ಕ ಹಾಕಿರೋದು ಸುಮಾರು 100 ಕಿ.ಮೀ. ತ್ರಿಜ್ಯದ ಸೆಲ್‌ವರೆಗೆ, ಮಿಕ್ಕ ಸಮಯವನ್ನು ನೆಟ್‌ವರ್ಕ್ ಕಡೆಯೇ ಸರಿದೂಗಿಸಬೇಕು. ಫೋನ್ ಪಾಪ, ಎದುರಿಗೆ ಟವರೇ ಇದೆ ಅಂದುಕೊಂಡಿರುತ್ತೆ.

ಬಾರ್‌ಇಲ್ಲ: ಹಾಗಾದ್ರೆ ಟವರ್‌ಗಳಿಗೆ ರಜಾ?

ಕಿರುತರಂಗ: ಎಲ್ಲಿಯ ರಜಾ! ಒಂದು ಬೀಮ್ ಹತ್ತಾರು ಕಿ.ಮೀ. ಅಗಲ ಹರಡುತ್ತೆ, ಅದರೊಳಗಿನವರೆಲ್ಲ ಇರೋ ಚೂರು ಬ್ಯಾಂಡ್‌ವಿಡ್ತ್ ಹಂಚಿಕೋಬೇಕು. ಸ್ಟಾರ್‌ಲಿಂಕ್ ಕೂಡ ಮೆಸೇಜ್‌ನಿಂದ ಶುರು ಮಾಡಿದ್ದು ಸುಮ್ಮನೆ ಅಲ್ಲ. ಜನ ಕಿಕ್ಕಿರಿದ ಊರಿಗೆ ಇದು ಸಾಲದು. ಸಮುದ್ರ, ಕಾಡು, ಟವರ್ ಬಿದ್ದ ಪ್ರವಾಹದ ಜಾಗಕ್ಕೆ ಸೈ.

ಸುಮ್ನೆಓದುಗ: ಮನೆಯೊಳಗೆ, ಕಿಟಕಿ ಪಕ್ಕ?

ಕಿರುತರಂಗ: ಆ ಹೊತ್ತಿಗೆ ಉಪಗ್ರಹ ಇರೋ ದಿಕ್ಕಿನ ಆಕಾಶ ಕಿಟಕಿಗೆ ಕಂಡರೆ ಆದೀತು. ಕೆಲವೇ ನಿಮಿಷದಲ್ಲಿ ಅದು ದಾಟಿ ಹೋಗುತ್ತೆ, ಆಮೇಲೆ ಇನ್ನೊಂದು ಬರೋತನಕ ಕಾಯಬೇಕು. ಕಾಂಕ್ರೀಟ್ ಸೂರಿನ ಕೆಳಗೆ ಆಸೆ ಬಿಡಿ.