ದೋಟಿ ಹಿಡಿದ ಹೆಗಲಿಗೆ ನೋವು, ಮರ ಹತ್ತುವ ಕೊನೆಗಾರರಿಗೆ ಇಲ್ಲ. ಯಾಕೆ?

ಪ್ರಶ್ನೆ (ಸಾಗರದ ಕಡೆಯ ಅಡಿಕೆ ಬೆಳೆಗಾರರು):
ನಮಸ್ಕಾರ ಮೇಡಂ. ನನಗೆ 52 ವರ್ಷ. ಎರಡು ವರ್ಷದಿಂದ ಅಡಿಕೆ ಕೊನೆ (ಗೊನೆ) ಕೊಯ್ಲಿಗೆ ಕಾರ್ಬನ್ ಫೈಬರ್ ದೋಟಿ, ಅಂದರೆ ನೆಲದಲ್ಲಿ ನಿಂತೇ ಕೊಯ್ಯುವ ಉದ್ದ ಕೋಲು, ಬಳಸುತ್ತಿದ್ದೇನೆ. ಈ ಸಲದ ಕೊಯ್ಲು ಮುಗಿದ ಮೇಲೆ ಬಲ ಹೆಗಲು ಹಿಡಿದುಕೊಂಡಿದೆ. ಅಂಗಿ ತೋಳು ಹಾಕುವಾಗ ಜೀವ ಹೋಗುತ್ತದೆ. ನಮ್ಮ ಹಳೇ ಕೊನೆಗಾರರಿಗೆ 58 ದಾಟಿದೆ. ಇವತ್ತಿಗೂ ಪಾದಕ್ಕೆ ತಳೆ (ಹತ್ತಲು ಹಾಕುವ ಬಳೆ) ಹಾಕಿ ಮರ ಹತ್ತುತ್ತಾರೆ, ಹೆಗಲು ನೋವು ಅಂದಿದ್ದೇ ಇಲ್ಲ. ತೋಟಕ್ಕೆ ಬರುವ ಮುಸುವಗಳ ವಿಷಯ ಕೇಳುವುದೇ ಬೇಡ. "ನಾವು ಮಂಗನಿಂದ ಬಂದವರಲ್ವಾ ಅಪ್ಪ, ಮತ್ತೆ ನಿಮಗ್ಯಾಕೆ ನೋವು?" ಅಂತ ಮಗಳು ಕೇಳಿದಳು. ಏನು ಹೇಳಲಿ?

ಉತ್ತರ (ಶಿವಮೊಗ್ಗದ ಫಿಸಿಯೋಥೆರಪಿಸ್ಟ್):
ಮಗಳ ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ಹೆಗಲಿನ ಉತ್ತರವೂ ಅದರಲ್ಲೇ ಇದೆ.

ಮುಸುವ ನಮ್ಮ ಅಜ್ಜ ಅಲ್ಲ, ದೂರದ ದಾಯಾದಿ. ಸುಮಾರು 2.5ರಿಂದ 3 ಕೋಟಿ ವರ್ಷಗಳ ಹಿಂದೆ ಒಂದು ಮನೆತನ ಹಿಸ್ಸೆಯಾಯಿತು. ಒಂದು ಪಾಲಿನಲ್ಲಿ ಇವತ್ತಿನ ಮುಸುವ, ಕೋಡಗ, ಶರಾವತಿ ಕಣಿವೆಯ ಸಿಂಗಳೀಕ. ಇನ್ನೊಂದು ಪಾಲಿನಲ್ಲಿ ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ ಮತ್ತು ನಾವು. ಚಿಂಪಾಂಜಿಗೂ ನಮಗೂ ಹಿಸ್ಸೆಯಾಗಿದ್ದು ಈಚೆಗೆ, 60-70 ಲಕ್ಷ ವರ್ಷದ ಹಿಂದೆ.

ಮುಸುವ ಬಂದಾಗ ಓಡಿಸುವ ಮೊದಲು ಎರಡು ನಿಮಿಷ ಸುಮ್ನೆ ನೋಡಿ. ಬೇಲಿ ಕಂಬದಿಂದ ಪಾಗಾರಕ್ಕೆ ಬಂದು ನಾಲ್ಕು ಕಾಲಲ್ಲಿ ನಡೆಯುತ್ತದೆ. ಎದೆಗೂಡು ನಾಯಿಯದರ ಹಾಗೆ ಕಿರಿದು. ರೆಕ್ಕೆ ಮೂಳೆ (ಹೆಗಲ ಹಿಂದಿನ ಚಪ್ಪಟೆ ಮೂಳೆ) ಎರಡೂ ಪಕ್ಕೆಯಲ್ಲಿವೆ. ಹಾರುವ ಶಕ್ತಿ ಉದ್ದನೆಯ ಹಿಂಗಾಲಿನದು. ಅದು ಕೊಂಬೆಯ ಮೇಲೆ ಓಡುವ ದೇಹ.

ನಿಮ್ಮದು ಹಾಗಲ್ಲ. ನಿಮ್ಮ ಎದೆ ಅಗಲ, ರೆಕ್ಕೆ ಮೂಳೆ ಬೆನ್ನ ಮೇಲಿದೆ. ನಮ್ಮ ಪಾಲಿನ ಹಿರಿಯರು ಮೈಭಾರದವರು. ಕೊಂಬೆ ಹತ್ತಿ, ಅದರ ಕೆಳಗೆ ಜೋತುಬಿದ್ದು ಹಣ್ಣು ಕಿತ್ತವರು. ಕೈ ತಲೆ ಮೇಲೆ ಹೋಗುವುದು, ಸುತ್ತಲೂ ತಿರುಗುವುದು ಅವರಿಂದ ಬಂದ ಆಸ್ತಿ. ಹಾಗೆ ತಿರುಗಬೇಕಾದರೆ ಕೀಲು ಆಳವಾಗಿರಬಾರದು. ಚಮಚದ ಮೇಲೆ ನಿಂಬೆಹಣ್ಣು ಇಟ್ಟು ಓಡುವ ಆಟ ಇದೆಯಲ್ಲ, ನಿಮ್ಮ ಹೆಗಲಿನ ಕೀಲು ಹೆಚ್ಚುಕಡಿಮೆ ಹಾಗೇ. ಹಣ್ಣು ಬೀಳದ ಹಾಗೆ ನಾಲ್ಕು ಸಣ್ಣ ಸ್ನಾಯುಗಳು ಸುತ್ತ ಹಿಡಿದಿರುತ್ತವೆ. ಅದರಲ್ಲಿ ಒಂದರ ಸ್ನಾಯುರಜ್ಜು ಮೂಳೆಯ ಸೂರಿನ ಕೆಳಗೆ, ಇಕ್ಕಟ್ಟು ಜಾಗದಲ್ಲಿ ಹಾದು ಹೋಗುತ್ತದೆ.

ಚಿಂಪಾಂಜಿಯ ಹೆಗಲ ಕೀಲು ಇನ್ನೂ ಮೇಲ್ಮುಖವಾಗಿದೆ. ನಮ್ಮದು ಪಕ್ಕಕ್ಕೆ ತಿರುಗಿದೆ. ಎಸೆಯಲಿಕ್ಕೆ, ಬೀಸಲಿಕ್ಕೆ ಅದು ಒಳ್ಳೆಯದು. ಆದರೆ ಭಾರ ಹಿಡಿದು ಗಂಟೆಗಟ್ಟಲೆ ಕೈ ಮೇಲೆತ್ತಿ ನಿಂತರೆ ಆ ಇಕ್ಕಟ್ಟಿನಲ್ಲಿ ಸ್ನಾಯುರಜ್ಜು ತಿಕ್ಕುತ್ತದೆ. ದೋಟಿ ಹಗುರ ಇರಬಹುದು, ಅದರ ತುದಿ ದೂರದಲ್ಲಿದೆ. ತೂಗಾಟ ಎಲ್ಲ ಹೆಗಲಿಗೇ ಬರುತ್ತದೆ. ನಿಮ್ಮ ಕೊನೆಗಾರರನ್ನು ಗಮನಿಸಿ. ಕೈ ಮರವನ್ನು ತಬ್ಬಿರುತ್ತದೆ, ಮೈ ಎತ್ತುವುದು ತಳೆ ಹಾಕಿದ ಕಾಲು. ಮೇಲೆ ಹೋದ ಮೇಲೆ ಕೊನೆ ಅವರ ಕೈಯಳತೆಯಲ್ಲೇ ಇರುತ್ತದೆ. ಅವರ ಹೆಗಲಿಗೆ ದುಡಿಮೆ ಇದೆ, ತಿಕ್ಕಾಟ ಕಡಿಮೆ.

ಈಗ ಒಂದು ಪರೀಕ್ಷೆ ಮಾಡಿ. ಬಲಗೈ ಸಡಿಲ ಬಿಡಿ, ಮಗಳು ಮೆಲ್ಲಗೆ ಎತ್ತಲಿ. ಅವಳು ಎತ್ತಿದರೆ ಮೇಲೆ ಹೋಗುತ್ತಾ, ಇಲ್ಲಾ ಅರ್ಧಕ್ಕೇ ನಿಲ್ಲುತ್ತಾ, ಇಲ್ಲಿ ಬರೆಯಿರಿ. ಸಕ್ಕರೆ ಕಾಯಿಲೆ ಇದೆಯಾ, ಅದನ್ನೂ ತಿಳಿಸಿ.

ಇನ್ನೊಂದು ಮಾತು. ಮಂಗನನ್ನು ನೋಡಿ ಅಂದೆ, ದೂರದಿಂದ ಮಾತ್ರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಪ್ರಶ್ನೆ (ತೀರ್ಥಹಳ್ಳಿಯ ಶಾಲಾ ಶಿಕ್ಷಕಿ):
ಮಕ್ಕಳು ಕೇಳುವುದು ಬಾಲದ ಬಗ್ಗೆ ಮೇಡಂ. ನಮ್ಮ ಬಾಲ ಎಲ್ಲಿ ಹೋಯಿತು? ನಾವು ಎದ್ದು ನಿಂತಿದ್ದಕ್ಕೇ ಸೊಂಟ ನೋವು ಬಂತು ಅಂತಾರಲ್ಲ, ಅದು ನಿಜವಾ?

ಉತ್ತರ:
ಬಾಲ ಹೋಗಿದ್ದು ನಾವು ಎದ್ದು ನಿಲ್ಲುವುದಕ್ಕಿಂತ ಎಷ್ಟೋ ಮೊದಲು. ಗಿಬ್ಬನ್‌ಗೂ ಬಾಲ ಇಲ್ಲ, ಗೊರಿಲ್ಲಾಗೂ ಇಲ್ಲ. ಟಿಬಿಎಕ್ಸ್‌ಟಿ ಎಂಬ ಜೀನ್‌ನಲ್ಲಿ ಸೇರಿಕೊಂಡ ಒಂದು ಸಣ್ಣ ತುಣುಕು ಇದಕ್ಕೆ ಕಾರಣ ಇರಬೇಕು ಎಂದು 2024ರಲ್ಲಿ ವಿಜ್ಞಾನಿಗಳು ತೋರಿಸಿದರು. ಉಳಿದಿರುವುದು ಬೆನ್ನುಮೂಳೆಯ ಕೊನೆಯಲ್ಲಿ ಕೂಡಿಕೊಂಡ ಸಣ್ಣ ಮೂಳೆಗಳು. ಒದ್ದೆ ಮೆಟ್ಟಿಲಲ್ಲಿ ಜಾರಿ ಕುಂಡಿ ಊರಿ ಬಿದ್ದವರಿಗೆ ಅದು ಎಲ್ಲಿದೆ ಅಂತ ಚೆನ್ನಾಗಿ ಗೊತ್ತು.

ಸೊಂಟದ ಮಾತು ಅರ್ಧ ನಿಜ. ಹುಟ್ಟಿದ ಮಗುವಿನ ಬೆನ್ನು ಒಂದೇ ಬಿಲ್ಲಿನ ಹಾಗಿರುತ್ತದೆ. ಕತ್ತು ನಿಲ್ಲುವಾಗ ಕುತ್ತಿಗೆಯ ಬಾಗು ಬರುತ್ತದೆ. ಕೂತು, ನಿಂತು, ನಡೆಯಲು ಕಲಿಯುವಾಗ ಸೊಂಟದ ಒಳಬಾಗು ಗಟ್ಟಿಯಾಗುತ್ತದೆ. ಎರಡು ಕಾಲ ಮೇಲೆ ಮೈ ನೆಟ್ಟಗೆ ನಿಲ್ಲುವುದು ಈ ಬಾಗಿನಿಂದ. ಅದಕ್ಕೆ ಬೆಲೆಯೂ ಇದೆ, ಸೊಂಟದ ಕೊನೆಯ ಎರಡು ಡಿಸ್ಕ್ ಮೇಲೆ ಜಾಸ್ತಿ ಭಾರ ಬೀಳುತ್ತದೆ. ಆದರೆ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ನಿಂತು ಸೋತವರಲ್ಲ. ಒಂದೇ ಕಡೆ ಕೂತವರು, ಇಲ್ಲಾ ದಿನವಿಡೀ ಬಗ್ಗಿ ದುಡಿದವರು. ಎದ್ದು ನಿಂತಿದ್ದನ್ನು ಬೈಯುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ (ಹೊಸನಗರದಿಂದ):
ನಮ್ಮಪ್ಪ ಕೊನೆಗಾರರು. 61 ವರ್ಷ. ಈಗಲೂ ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲಲ್ಲಿ ಕೂತು ಊಟ ಮಾಡುತ್ತಾರೆ. ನನಗೆ 30, ಆಗುವುದಿಲ್ಲ. ಹತ್ತಿ ಹತ್ತಿ ಅವರ ಮೂಳೆಯೇ ಬದಲಾಗಿದೆಯಾ?

ಉತ್ತರ:
ಎಷ್ಟು ಒಳ್ಳೆಯ ಪ್ರಶ್ನೆ! 2013ರಲ್ಲಿ ಇದನ್ನೇ ಹುಡುಕಿದ ಒಂದು ಅಧ್ಯಯನ ಬಂತು. ಉಗಾಂಡಾದ ತ್ವಾ ಜನ ಜೇನಿಗಾಗಿ ಮರ ಹತ್ತುತ್ತಾರೆ. ನಮ್ಮವರ ಹಾಗೆ ತಳೆ ಹಾಕದೆ, ಕಾಂಡದ ಮೇಲೆ ಪಾದ ಊರಿ ನಡೆದೇ ಹೋಗುತ್ತಾರೆ. ಆಗ ಅವರ ಪಾದ ಕಣಕಾಲಿನ ಕಡೆಗೆ ಎಷ್ಟು ಮಡಚುತ್ತದೆ ಎಂದರೆ ಸಾಮಾನ್ಯರಿಗೆ ಗಾಯವೇ ಆದೀತು. ಪಕ್ಕದ ಊರಿನ ಕೃಷಿಕರಿಗಿಂತ ಅವರ ಮೀನಖಂಡದ ಸ್ನಾಯುವಿನ ಎಳೆ ಉದ್ದ ಇತ್ತು. ಅಂದರೆ ಮೂಳೆ ನಮ್ಮದೇ, ಅಭ್ಯಾಸ ಸ್ನಾಯುವಿನಲ್ಲಿದೆ. ನಿಮ್ಮಪ್ಪನ ಕಾಲಿನಲ್ಲೂ ಅಂಥದ್ದೇ ನಡೆದಿರಬೇಕು ಎಂದು ನನ್ನ ಅನಿಸಿಕೆ. ನೀವೂ ದಿನಾ ಸ್ವಲ್ಪ ಸ್ವಲ್ಪ ಕೂತರೆ ಹಿಮ್ಮಡಿ ಇಳಿಯುತ್ತದೆ.

ಪಳೆಯುಳಿಕೆ ಓದುವವರಿಗೂ ಇದು ದೊಡ್ಡ ಪಾಠ. ಮಣ್ಣಿನಲ್ಲಿ ಉಳಿಯುವುದು ಮೂಳೆ, ಸ್ನಾಯು ಅಲ್ಲ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕ ಪಳೆಯುಳಿಕೆ ಲೂಸಿ, ಮನುಷ್ಯರ ಹಳೆಯ ಬಳಗದ ಹೆಣ್ಣು, 32 ಲಕ್ಷ ವರ್ಷ ಹಿಂದಿನವಳು. ಅವಳ ಸೊಂಟ, ಮಂಡಿ ನೋಡಿದರೆ ನಮ್ಮ ಹಾಗೆ ಎರಡು ಕಾಲಲ್ಲಿ ನಡೆದವಳು. ತೋಳು ಮಾತ್ರ ಹತ್ತುವವರ ತೋಳು, ಬಲ ಜಾಸ್ತಿ. ಅವಳು ಮರದಿಂದ ಬಿದ್ದು ಸತ್ತಳು ಎಂದು 2016ರಲ್ಲಿ ಒಂದು ತಂಡ ಬರೆಯಿತು. ಬೀಳುವಾಗ ಕೈ ಚಾಚಿ ಊರಿದರೆ ತೋಳಿನ ಮೂಳೆ ಹೆಗಲ ಹತ್ತಿರ ಪುಡಿಯಾಗುತ್ತದೆ, ಅವಳ ಮೂಳೆಯಲ್ಲೂ ಅಂಥ ಬಿರುಕಿದೆ ಎಂಬುದು ಅವರ ವಾದ. ಹಲವರು ಒಪ್ಪಿಲ್ಲ. ನಾನು ಮಾತ್ರ ಅದನ್ನು ಓದುವಾಗ ಪುಸ್ತಕ ಕೆಳಗಿಟ್ಟೆ. ಮರದಿಂದ ಬಿದ್ದು ಹೆಗಲು ಮುರಿದುಕೊಂಡವರ ಕೈಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಅವರೂ ಕೈ ಚಾಚಿಯೇ ಬಿದ್ದವರು.

ಅಪ್ಪನ ಕಾಲು ಗಟ್ಟಿ ಇದ್ದರೂ ಹಾವಸೆ ಕಟ್ಟಿದ ಮರಕ್ಕೆ ಹತ್ತಿಸಬೇಡಿ. ಸೊಂಟದ ಬೆಲ್ಟ್ ಇಲ್ಲದೆ ಯಾವ ಮರಕ್ಕೂ ಬೇಡ.

ಸಾಗರದ ಬೆಳೆಗಾರರು:
ಮಗಳು ಕೈ ಎತ್ತಿ ನೋಡಿದಳು ಮೇಡಂ. ಅವಳು ಎತ್ತಿದರೂ ಹೆಗಲ ಮಟ್ಟಕ್ಕೇ ನಿಂತಿತು. ಸಕ್ಕರೆ ನೋಡಿಸಿ ಎರಡು ವರ್ಷ ಆಯಿತು.

ಉತ್ತರ:
ಹಾಗಾದರೆ ಕೀಲಿನ ಚೀಲವೇ ಬಿಗಿದುಕೊಂಡಿರಬಹುದು. ಸಕ್ಕರೆ ಇರುವವರಲ್ಲಿ ಇದು ಜಾಸ್ತಿ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ರಿಪೋರ್ಟ್ ಇಲ್ಲಿ ಹಾಕುವುದು ಬೇಡ, ನಿಮ್ಮ ಹತ್ತಿರದ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಯಾರ ಕೈಲೂ ಎಳೆಸಿಕೊಳ್ಳಬೇಡಿ, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಬೇಡಿ. ದೋಟಿ ಸದ್ಯಕ್ಕೆ ಅಟ್ಟದಲ್ಲೇ ಇರಲಿ.