ಎಂಟೂವರೆ ಮೀಟರ್ ಮೋಟರ್‌ಹೋಮ್, ತಂಗಿ ಮನೆ ಬೀದಿ: ಎಲ್ಲಿ ನಿಲ್ಲಿಸಲಿ?

ಉದ್ದಗಾಡಿ:
ಒಳಗೇ ಅಡುಗೆ ಮಾಡಿ ಮಲಗೋ ನಮ್ಮ ಗಾಡಿ ಉದ್ದ 8.5 ಮೀಟರ್, ಅಗಲ 2.3, ಮೇಲಿನ ಎಸಿ ಸೇರಿ ಎತ್ತರ 3.1. ಹೋದ ಸಲ ತಂಗಿ ಮನೆ ಮುಂದೆ ಫುಟ್‌ಪಾತಿಗೆ ಒತ್ತಿ ನಿಲ್ಲಿಸಿದ್ದೆ. ಬೆಳಿಗ್ಗೆ ಹೊರಡುವಾಗ ಸ್ಟೇರಿಂಗನ್ನು ಪೂರ್ತಿ ರಸ್ತೆ ಕಡೆ ತಿರುಗಿಸಿದೆ. ಮೂತಿ ಸಲೀಸಾಗಿ ಹೊರಬಂತು. ಬಾಲ ಮಾತ್ರ ಫುಟ್‌ಪಾತ್ ಮೇಲೆ ಬೀಸಿ, ಪಕ್ಕದ ಮನೆಯವರ ಟಪಾಲು ಡಬ್ಬಿಯನ್ನು ಕಂಬ ಸಮೇತ ಒರಗಿಸಿಬಿಟ್ಟಿತು. ಆಯಪ್ಪ ಹಲ್ಲುಜ್ಜುತ್ತಲೇ ಹೊರಬಂದರು. ಬಾಯಲ್ಲಿ ನೊರೆ ಇದ್ದದ್ದರಿಂದ ಬೈಗುಳ ಸ್ವಲ್ಪ ಕಡಿಮೆಯಾಯ್ತು.

ಮುಂದಿನ ವಾರ ಮತ್ತೆ ಹೋಗಬೇಕು, ನಾಲ್ಕು ದಿನ. ತಂಗಿ ಬಾ ಅಂತಾಳೆ. ಅವಳ ಗಂಡ ಏನೂ ಹೇಳ್ತಿಲ್ಲ. ಏನು ಮಾಡಲಿ?

ಹಳೇಡ್ರೈವರ್:
ಮೊದಲು ಬಾಲ ಅಳೆಯಿರಿ ಸರ್. ಹಿಂದಿನ ಚಕ್ರದ ನಡುವಿನಿಂದ ಬಂಪರ್ ತನಕ. ನನ್ನದು 2.6 ಮೀಟರ್. ತಿರುಗುವಾಗ ಹಿಂದಿನ ಚಕ್ರದ ಆಚೆ ಇರೋದೆಲ್ಲ ಮೂತಿಯ ಎದುರು ದಿಕ್ಕಿಗೆ ಬೀಸುತ್ತೆ. ಖಾಲಿ ಮೈದಾನದಲ್ಲಿ ಗಾಡಿಯ ಮಗ್ಗುಲಿಗೇ ಸೀಮೆಸುಣ್ಣದ ಗೆರೆ ಎಳೆದು, ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಮುಂದೆ ಹೋಗಿ. ಬಾಲ ಗೆರೆ ದಾಟಿ ಎಷ್ಟು ಹೊರಬರುತ್ತೆ ಅಂತ ಯಾರಾದರೂ ನಿಂತು ನೋಡಲಿ. ನನ್ನದು ಅರ್ಧ ಮೀಟರ್ ಬಂತು, ನಂಬಲೇ ಇಲ್ಲ! ಈಗ ನಿಲ್ಲಿಸುವಾಗಲೇ ಮುಂದೆ ಜಾಗ ಬಿಟ್ಟುಕೊಳ್ತೇನೆ. ಬಾಲ ಕಂಬ ದಾಟುವ ತನಕ ನೇರ ಹೋಗಿ, ಆಮೇಲೆ ತಿರುಗಿಸೋದು. ಹಾಂ, ಕೊಂಬೆಗಳನ್ನೂ ನೋಡಿಕೊಳ್ಳಿ. ಎಸಿ ಮುಚ್ಚಳ ಬರೀ ಪ್ಲಾಸ್ಟಿಕ್ಕು.

ಚಕ್ರಮನೆ:
ಬೀದಿಯೇ ಬೇಡ ಅಂತೀನಿ. ಸಾಮಾನು ಇಳಿಸಿ, ಗಾಡಿಯನ್ನು ದೊಡ್ಡ ಬಯಲು ಪಾರ್ಕಿಂಗಿಗೆ ಒಯ್ಯಿರಿ. ಮಹಡಿ ಪಾರ್ಕಿಂಗ್ ನಮ್ಮಂಥವರಿಗಲ್ಲ, ಬಾಗಿಲಲ್ಲೇ 2 ಮೀಟರ್ ಎತ್ತರಕ್ಕೆ ಅಡ್ಡಪಟ್ಟಿ ಇರುತ್ತೆ. ಬಯಲಿನಲ್ಲಿ ಹಿಂದೆ ಹುಲ್ಲಿರುವ ಅಂಚು ಹುಡುಕಿ. ಚಕ್ರ ಗೆರೆಯೊಳಗೆ, ಬಾಲ ಹುಲ್ಲಿನ ಮೇಲೆ. ಆದರೂ ಕಾರಿನ ಜಾಗ ಸುಮಾರು 5 ಮೀಟರ್ ಅಷ್ಟೇ, ಮೂತಿ ಹೊರಗೇ ಉಳಿದರೆ ಹಿಂದೆ ಮುಂದೆ ಎರಡು ಜಾಗ ಹಿಡಿದು ಎರಡಕ್ಕೂ ದುಡ್ಡು ಕಟ್ಟಿ. ರಾತ್ರಿ ನಿಲ್ಲಿಸಬಹುದಾ ಅಂತ ಮೊದಲೇ ಕೇಳಿ. ಎಷ್ಟೋ ಊರುಗಳಲ್ಲಿ ನಿಲ್ಲಿಸೋದು ಸರಿ, ಒಳಗೆ ಮಲಗೋದು ತಪ್ಪು.

ಕಿಟಕಿಪಕ್ಕ:
ನನಗೆ ಮೋಟರ್‌ಹೋಮ್ ಇಲ್ಲ, ನಾನು ಟಪಾಲು ಡಬ್ಬಿ ಕಡೆಯವನು. ನಮ್ಮ ಬೀದಿಗೆ ಇಂಥದ್ದೊಂದು ಬಂದಿತ್ತು. ಮೂರು ದಿನ ಅಡುಗೆಮನೆ ಕಿಟಕಿಯಲ್ಲಿ ಬಿಳಿ ಗೋಡೆ ಬಿಟ್ಟು ಏನೂ ಕಾಣಲಿಲ್ಲ. ಅದನ್ನಾದರೂ ತಡೆದುಕೊಳ್ಳಬಹುದು. ಗೇಟಿನಿಂದ ಕಾರು ತೆಗೆಯುವಾಗ ಬರುವ ಗಾಡಿ ಕಾಣದೆ ಎರಡು ಸಲ ಎದೆ ಧಸಕ್ ಅಂತು. ಜನರೇಟರ್ ವಿಷಯ ಬಿಡಿ, ಸುಮ್ನೆ ಬಿಪಿ ಏರುತ್ತೆ.

ಉದ್ದಗಾಡಿ:
ಇವತ್ತು ಅಳೆದೆ. ಬಾಲ 2.4, ಬೀಸು 45 ಸೆಂಟಿಮೀಟರ್. ಡಬ್ಬಿ ಬಿದ್ದದ್ದಲ್ಲ, ಬರೀ ಡಬ್ಬಿ ಬಿದ್ದದ್ದೇ ಆಶ್ಚರ್ಯ. ಈ ಸಲ ಸಾಮಾನು ಇಳಿಸಿ ಬಯಲಿಗೆ ಒಯ್ತೇನೆ. ಹೀಗಂತ ಹೇಳಿದ್ದಕ್ಕೆ ತಂಗಿ ಗಂಡ ಕೂಡಲೇ ಮಾತಾಡಿದರು: "ಅಲ್ಲಿಂದ ನಾನೇ ಕರ್ಕೊಂಡು ಬರ್ತೀನಿ ಬಿಡಿ."